ಸಾಗರ ದ್ವೀಪದ ಗಿಡಕ್ಕೆ ತವರು ಹುಡುಕುವ ಬಗೆ

ನಡುಗಡಲಲ್ಲಿ ಜ್ವಾಲಾಮುಖಿ ಉಕ್ಕಿ ಎದ್ದ ದ್ವೀಪದಲ್ಲಿ ಮೊದಲಿಗೆ ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ. ಅಲ್ಲಿ ಈಗ ಕಾಣುವ ಪ್ರತಿಯೊಂದು ಸಹಜ ಸಸ್ಯದ ಪೂರ್ವಜ ಎಂದೋ ಗಾಳಿಯಲ್ಲೋ ನೀರಿನಲ್ಲೋ ಹಕ್ಕಿಯ ಮೈಗಂಟಿಯೋ ಸಮುದ್ರ ದಾಟಿ ಬಂದದ್ದು. ಆಮೇಲೆ ಅದರ ಸಂತತಿ ಮುಖ್ಯಭೂಮಿಯ ಬಂಧುಗಳಿಂದ ದೂರ ಸರಿಯಿತು. ಅಂಥ ಒಂದು ಗಿಡವನ್ನು ಎದುರಿಗಿಟ್ಟುಕೊಂಡು ಅದು ಎಲ್ಲಿಂದ ಬಂತು, ಹೇಗೆ ಬಂತು, ಬಂದ ಮೇಲೆ ಎಷ್ಟು ಬದಲಾಯಿತು ಎಂದು ಪತ್ತೆ ಮಾಡುವ ಕೆಲಸದ ಕ್ರಮ ಇಲ್ಲಿದೆ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನೂ, ಸಣ್ಣ ಪ್ರಯೋಗಗಳನ್ನು ಮನೆಯಲ್ಲೇ ಮಾಡಬಯಸುವ ಆಸಕ್ತರನ್ನೂ ಮನಸ್ಸಿನಲ್ಲಿಟ್ಟು ಬರೆದದ್ದು.

ಈ ಕೆಲಸ ಹಾಳಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ದ್ವೀಪದ ಗಿಡ ವಿಚಿತ್ರವಾಗಿರುತ್ತದೆ, ಸುಂದರವಾಗಿರುತ್ತದೆ. ಗಮನವೆಲ್ಲ ಅದರ ಮೇಲೇ ಹೋಗುತ್ತದೆ. ಆದರೆ ಉತ್ತರದ ದೊಡ್ಡ ಪಾಲು ಇರುವುದು ಮುಖ್ಯಭೂಮಿಯಲ್ಲಿ ಉಳಿದ, ನೋಡಲು ಏನೂ ವಿಶೇಷವಿಲ್ಲದ ನಂಟರಲ್ಲಿ. ಸಮುದ್ರ ದಾಟಿದ್ದು ಇಂದಿನ ದ್ವೀಪಸಸ್ಯದ ಬೀಜವಲ್ಲ, ಆ ನಂಟರ ಅಜ್ಜಿಯ ಬೀಜ. ಸಮಯ ಮತ್ತು ಹಣವನ್ನು ಹಂಚುವಾಗ ಇದು ನೆನಪಿರಲಿ.

ಮೊದಲು ದ್ವೀಪದ ಜಾತಕ

ದ್ವೀಪ ನಿಜಕ್ಕೂ ಸಾಗರ ದ್ವೀಪವೇ ಎಂದು ನೋಡಿಕೊಳ್ಳಿ. ಹವಾಯಿ, ಗಲಾಪಗೋಸ್, ಕ್ಯಾನರಿ, ಹ್ವಾನ್ ಫರ್ನಾಂಡಿಸ್, ಸೇಂಟ್ ಹೆಲೆನಾ ಇವೆಲ್ಲ ಸಮುದ್ರತಳದಿಂದ ಎದ್ದವು. ಮಡಗಾಸ್ಕರ್, ನ್ಯೂಜಿಲೆಂಡ್, ಸೇಶೆಲ್ಸ್‌ನ ಗ್ರಾನೈಟ್ ದ್ವೀಪಗಳು ಖಂಡದಿಂದ ಮುರಿದು ಬಂದ ತುಂಡುಗಳು. ಅಲ್ಲಿನ ಗಿಡದ ಪೂರ್ವಜ ಸಮುದ್ರ ದಾಟಿರಬಹುದು, ನೆಲದ ಜೊತೆಯಲ್ಲೇ ತೇಲಿ ಬಂದಿರಲೂಬಹುದು. ಕೇಳಬೇಕಾದ ಪ್ರಶ್ನೆಯೇ ಬೇರೆಯಾಗುತ್ತದೆ.

ನಾಲ್ಕು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ದ್ವೀಪದ ವಯಸ್ಸು, ಹತ್ತಿರದ ಖಂಡದ ದೂರ, ಅತಿ ಎತ್ತರದ ಜಾಗ, ಮತ್ತು ಅದೇ ಸಾಲಿನಲ್ಲಿ ಹಿಂದೆ ಇದ್ದು ಈಗ ಮುಳುಗಿದ ದ್ವೀಪಗಳು. ಕೊನೆಯದನ್ನು ಹಲವರು ಬಿಟ್ಟುಬಿಡುತ್ತಾರೆ. ಹವಾಯಿಯ ದೊಡ್ಡ ದ್ವೀಪಗಳಲ್ಲಿ ಹಳೆಯದಾದ ಕಾವಾಯಿಗೆ ಸುಮಾರು 50 ಲಕ್ಷ ವರ್ಷ. ತೀರ ಈಚಿನದಾದ ಹವಾಯಿ ದ್ವೀಪಕ್ಕೆ 10 ಲಕ್ಷವೂ ಇಲ್ಲ. ಆದರೆ ಕಾವಾಯಿಯ ವಾಯವ್ಯಕ್ಕೆ ಸವೆದು ತಗ್ಗಾದ, ಮುಳುಗಿದ ಹಳೆಯ ದ್ವೀಪಗಳ ಉದ್ದ ಸಾಲೇ ಇದೆ. ಅಲ್ಲಿನ ಲೊಬೀಲಿಯಾ ಗುಂಪಿನ ಸುಮಾರು 126 ಪ್ರಭೇದಗಳೆಲ್ಲ ಒಂದೇ ಆಗಮನದಿಂದ ಹುಟ್ಟಿದವು, ಆ ಆಗಮನ ಸುಮಾರು 1.3 ಕೋಟಿ ವರ್ಷಗಳ ಹಿಂದಿನದು ಎಂದು ಡಿಎನ್‌ಎ ಲೆಕ್ಕ ಹೇಳುತ್ತದೆ. ಅಂದರೆ ಕಾವಾಯಿ ಹುಟ್ಟುವ ಎಷ್ಟೋ ಮೊದಲೇ ಅವು ಬಂದಿದ್ದವು. ಹಳೆಯ ದ್ವೀಪ ಮುಳುಗುವ ಮುಂಚೆ ಹೊಸದಕ್ಕೆ ಜಿಗಿಯುತ್ತಾ ಉಳಿದುಕೊಂಡವು. ಇಂದಿನ ದ್ವೀಪದ ವಯಸ್ಸನ್ನೇ ಗಡಿ ಎಂದು ಹಿಡಿದಿದ್ದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು.

ದ್ವೀಪದಲ್ಲಿ ಏನೇನು ಇಲ್ಲ ಎಂಬ ಪಟ್ಟಿಯೂ ಬೇಕು. ಹವಾಯಿಯಲ್ಲಿ ಸಹಜವಾಗಿ ಬಂದ ಸೂಚಿಪರ್ಣಿಗಳಿಲ್ಲ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಲ್ಲ, ಅತ್ತಿಯ ಕುಲದ ಒಂದು ಮರವೂ ಇಲ್ಲ. ಆರ್ಕಿಡ್‌ಗಳು ಮೂರೇ ಪ್ರಭೇದ. ಆರ್ಕಿಡ್ ಬೀಜ ಧೂಳಿನಷ್ಟು ಹಗುರ, ಗಾಳಿಯಲ್ಲಿ ಎಲ್ಲಿಗೆ ಬೇಕಾದರೂ ಹೋದೀತು. ಆದರೆ ಮೊಳೆಯಲು ತಕ್ಕ ಶಿಲೀಂಧ್ರ ಬೇಕು, ಹೂವಿಗೆ ತಕ್ಕ ಕೀಟ ಬೇಕು. ಅತ್ತಿಗೆ ಅದರದೇ ಕಣಜ ಬೇಕು. ತಲುಪುವುದು ಬೇರೆ, ನೆಲೆಯೂರುವುದು ಬೇರೆ ಎಂಬುದು ಈ ಗೈರುಹಾಜರಿ ಪಟ್ಟಿಯಿಂದಲೇ ಗೊತ್ತಾಗುತ್ತದೆ.

ಗಿಡ ತಾನಾಗಿ ಬಂದದ್ದೇ?

ಬೇರೆಲ್ಲೂ ಬೆಳೆಯದ ಪ್ರಭೇದವಾದರೆ ಈ ಅನುಮಾನವಿಲ್ಲ. ಮುಖ್ಯಭೂಮಿಯಲ್ಲೂ ಇರುವ ಪ್ರಭೇದವಾದರೆ ಮನುಷ್ಯ ತಂದದ್ದೋ ಎಂದು ಪರೀಕ್ಷಿಸಬೇಕು. ನಂಬಬಹುದಾದ ಸಾಕ್ಷಿ ಎಂದರೆ ಜೌಗಿನ ಕೆಸರಿನ ಪದರಗಳಲ್ಲಿ ಉಳಿದ ಪರಾಗ. ಗಲಾಪಗೋಸ್‌ನ ಎತ್ತರದ ಜೌಗುಗಳಿಂದ ತೆಗೆದ ಕೆಸರಿನಲ್ಲಿ, ಹೊರಗಿನಿಂದ ಬಂದ ಕಳೆ ಎಂದುಕೊಂಡಿದ್ದ ಕೆಲವು ಗಿಡಗಳ ಅವಶೇಷ ಸಿಕ್ಕಿತು. ಹೈಬಿಸ್ಕಸ್ ಡೈವರ್ಸಿಫೋಲಿಯಸ್ ಅವುಗಳಲ್ಲೊಂದು. ಯೂರೋಪಿನವರು ಆ ದ್ವೀಪಗಳನ್ನು ಕಂಡದ್ದು 1535ರಲ್ಲಿ; ಅವಶೇಷಗಳು ಅದಕ್ಕಿಂತ ಬಹಳ ಹಳೆಯವು. ಕಿತ್ತು ಹಾಕಬೇಕೆಂದಿದ್ದ ಗಿಡ ಅಲ್ಲಿಯದೇ ಆಗಿತ್ತು. ಪರಾಗ ಸಿಗದಿದ್ದರೆ ಹಳೆಯ ಹರ್ಬೇರಿಯಂ ಹಾಳೆಗಳ (ಗಿಡ ಒತ್ತಿ ಒಣಗಿಸಿ ಅಂಟಿಸಿಟ್ಟ ಹಾಳೆಗಳ) ದಿನಾಂಕ, ಗಿಡ ಹೊಲದಂಚಿನಲ್ಲಷ್ಟೇ ಇದೆಯೋ ಕಾಡಿನೊಳಗೂ ಇದೆಯೋ ಎಂಬುದನ್ನು ನೋಡಬಹುದು. ಆದರೆ ಇವು ಊಹೆಗೆ ಆಧಾರವೇ ಹೊರತು ಪುರಾವೆಯಲ್ಲ.

ನಂಟರ ಪಟ್ಟಿ

ಇಲ್ಲಿ ಧಾರಾಳವಾಗಿರಿ. ಹತ್ತಿರದ ಖಂಡದಲ್ಲಿ ಸಿಗುವ ಒಂದೆರಡು ಪ್ರಭೇದ ತಂದು ಹೋಲಿಸಿದರೆ, ಅವುಗಳಲ್ಲೇ ಒಂದು ಹತ್ತಿರದ ಸಂಬಂಧಿಯಾಗಿ ಕಾಣುತ್ತದೆ. ನಿಜವಾದ ಸಂಬಂಧಿ ಪಟ್ಟಿಯಲ್ಲೇ ಇಲ್ಲದಿದ್ದರೆ ಯಾವ ತಂತ್ರಾಂಶವೂ ಅದನ್ನು ತೋರಿಸದು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಅಕೇಶಿಯಾ ಹೆಟಿರೋಫಿಲ್ಲಾ ಮರ ಇದಕ್ಕೆ ಕಣ್ಣು ತೆರೆಸುವ ಉದಾಹರಣೆ. ಆಫ್ರಿಕಾ ಪಕ್ಕದಲ್ಲಿದೆ, ಆಫ್ರಿಕಾದ ಜಾಲಿಗಳೂ ಬೇಕಾದಷ್ಟಿವೆ. ಆದರೆ ವಂಶವೃಕ್ಷದಲ್ಲಿ ಈ ಮರ ಕೂತದ್ದು ಸುಮಾರು 18,000 ಕಿ.ಮೀ. ಆಚೆಯ ಹವಾಯಿಯ ಕೋವಾ ಮರದ ಒಳಕವಲಿನಲ್ಲಿ. ಅವೆರಡರ ಹತ್ತಿರದ ನಂಟು ಆಸ್ಟ್ರೇಲಿಯಾದ ಅಕೇಶಿಯಾ ಮೆಲನಾಕ್ಸಿಲಾನ್.

ಆದ್ದರಿಂದ ಕುಲದ ಎಲ್ಲ ಪ್ರಭೇದಗಳ ಪಟ್ಟಿ ಮಾಡಿ. ಕುಲ ಚಿಕ್ಕದಾದರೆ ಎಲ್ಲವನ್ನೂ ಸೇರಿಸಿ. ದೊಡ್ಡದಾದರೆ ಪ್ರತಿ ಉಪಗುಂಪಿನಿಂದ, ಪ್ರತಿ ಖಂಡದಿಂದ ಕನಿಷ್ಠ ಎರಡೆರಡು ಪ್ರಭೇದ ಇರಲಿ. ದ್ವೀಪದ ಕುಲವನ್ನೇ ಬೇರೆ ಹೆಸರಿನಲ್ಲಿ ಪ್ರತ್ಯೇಕಿಸಿದ್ದರೆ ಇನ್ನೂ ಎಚ್ಚರ. ಹವಾಯಿಯ ಆರ್ಗಿರೋಕ್ಸಿಫಿಯಂ, ಡುಬೋಷಿಯಾ, ವಿಲ್ಕಿಸಿಯಾ ಎಂಬ ಮೂರು ಕುಲಗಳಿಗೂ ಕ್ಯಾಲಿಫೋರ್ನಿಯಾದ ಅಂಟಂಟಾದ ಟಾರ್‌ವೀಡ್ ಗಿಡಗಳಿಗೂ ಹೊರನೋಟಕ್ಕೆ ಅಂಥ ಹೋಲಿಕೆಯಿಲ್ಲ. ಆದರೂ ಸೂರ್ಯಕಾಂತಿ ಕುಟುಂಬದ ಅದೇ ಗುಂಪಿನಿಂದ ಬಂದ ಒಂದೇ ಪೂರ್ವಜ ಈ ಮೂರು ಕುಲಗಳ ಮೂವತ್ತಕ್ಕೂ ಹೆಚ್ಚು ಪ್ರಭೇದಗಳಾಗಿ ಕವಲೊಡೆದಿದೆ. ದಿಂಬಿನಂತೆ ಕೂತ ಗಿಡ, ಬಳ್ಳಿ, ಪೊದೆ, ಮರ ಎಲ್ಲವೂ ಅದರಲ್ಲಿವೆ.

ದಾಟಿದ್ದು ಹೇಗೆ: ಮೂರು ಪ್ರಯೋಗ

ಪ್ರಯೋಗಕ್ಕೆ ದ್ವೀಪದ ಬೀಜದ ಜೊತೆಗೆ ಮುಖ್ಯಭೂಮಿಯ ಸಂಬಂಧಿಯ ಬೀಜವೂ ಬೇಕೇ ಬೇಕು. ಕಾರಣ, ದ್ವೀಪಕ್ಕೆ ಬಂದ ಮೇಲೆ ಎಷ್ಟೋ ಗಿಡಗಳು ದಾಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ಬೈಡೆನ್ಸ್ ಕುಲದ ಮುಖ್ಯಭೂಮಿಯ ಗಿಡಗಳ ಕಾಯಿಗೆ ಹಿಮ್ಮುಖ ಮುಳ್ಳುಗಳಿರುವ ಕಡ್ಡಿಗಳಿದ್ದು ರೋಮಕ್ಕೂ ಗರಿಗೂ ಕಚ್ಚಿಕೊಳ್ಳುತ್ತವೆ. ಹವಾಯಿಯ ಕಾಡಿನೊಳಗಿನ ಹಲವು ಬೈಡೆನ್ಸ್‌ಗಳಲ್ಲಿ ಆ ಮುಳ್ಳು ಇಲ್ಲವೇ ಇಲ್ಲ. ಬರೀ ಹವಾಯಿಯ ಕಾಯಿ ನೋಡಿದವರು ‘ಇದು ಸಮುದ್ರ ದಾಟಿರಲು ಸಾಧ್ಯವೇ ಇಲ್ಲ’ ಎಂದುಬಿಡುತ್ತಾರೆ. ಚಿಕ್ಕ ದ್ವೀಪದಲ್ಲಿ ದೂರ ಹಾರುವ ಬೀಜ ಸಮುದ್ರಕ್ಕೆ ಬಿದ್ದು ಸಾಯುತ್ತದೆ, ಹಾರದೇ ಉಳಿದದ್ದು ಬದುಕುತ್ತದೆ. ಆಯ್ಕೆ ಆ ದಿಕ್ಕಿಗೆ ಒತ್ತುತ್ತಿರುತ್ತದೆ. ಕೆನಡಾದ ಬಾರ್ಕ್ಲಿ ಸೌಂಡ್‌ನ ಕರಾವಳಿ ದ್ವೀಪಗಳಲ್ಲಿ ಗಾಳಿಗೆ ಹಾರುವ ಕಾಯಿಗಳನ್ನು ಅಳೆದಾಗ ಈ ಬದಲಾವಣೆ ಕೆಲವೇ ತಲೆಮಾರುಗಳಲ್ಲಿ ಕಾಣಿಸಿಕೊಂಡಿತ್ತು.

ತೇಲುವ ಪರೀಕ್ಷೆ. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕರಗಿಸಿ. ಸಮುದ್ರದ ನೀರೇ ಸಿಕ್ಕರೆ ಸೋಸಿ ಬಳಸಿ. ಅಗಲ ಬಾಯಿಯ ಜಾಡಿಗಳಲ್ಲಿ ಪ್ರಭೇದವೊಂದಕ್ಕೆ 100 ಬೀಜ, 25ರಂತೆ ನಾಲ್ಕು ಜಾಡಿ. ದಿನಕ್ಕೊಮ್ಮೆ ಕಲಕಬೇಕು, ಇಲ್ಲದಿದ್ದರೆ ನೀರಿನ ಮೇಲ್ಮೈ ಸೆಳೆತದಲ್ಲಿ ನಿಂತ ಚಿಕ್ಕ ಬೀಜ ಸುಳ್ಳೇ ತೇಲಿದಂತೆ ಕಾಣುತ್ತದೆ. ಸಿಪ್ಪೆಗೆ ಅಂಟಿದ ಗಾಳಿಗುಳ್ಳೆಯೂ ಹೀಗೇ ಮೋಸ ಮಾಡುತ್ತದೆ. ಶುರುವಿನಲ್ಲೇ ಬೀಜಗಳನ್ನು ಒಮ್ಮೆ ಮುಳುಗಿಸಿ ಅಲುಗಾಡಿಸಿ. ನೀರನ್ನು ವಾರಕ್ಕೊಮ್ಮೆ ಬದಲಿಸಿ, ಆವಿಯಾಗಿ ಉಪ್ಪು ಹೆಚ್ಚದಂತೆ ಮುಚ್ಚಿಡಿ. 1, 2, 4, 7, 14, 30, 60, 90ನೇ ದಿನಗಳಲ್ಲಿ ತೇಲುತ್ತಿರುವವನ್ನು ಎಣಿಸಿ. ಮೊಳಕೆ ನೋಡಲು ಬೇರೆಯೇ ಒಂದು ಗುಂಪನ್ನು ನೆನೆಸಿಟ್ಟು, 7, 30, 60, 90ನೇ ದಿನ ಇಪ್ಪತ್ತಿಪ್ಪತ್ತು ಬೀಜ ತೆಗೆದು ಸಿಹಿನೀರಿನಲ್ಲಿ ತೊಳೆದು ಬಿತ್ತಿ. ನೆನೆಸದ ಬೀಜಗಳನ್ನೂ ಪಕ್ಕದಲ್ಲಿ ಬಿತ್ತದಿದ್ದರೆ ಹೋಲಿಕೆಗೆ ಏನೂ ಉಳಿಯುವುದಿಲ್ಲ.

ಮೊಳಕೆಯೊಂದನ್ನೇ ನೋಡಿದರೆ ಸಾಲದು. ಚಾರ್ಲ್ಸ್ ಡಾರ್ವಿನ್ 87 ಬಗೆಯ ಬೀಜಗಳನ್ನು ಉಪ್ಪುನೀರಿನಲ್ಲಿ ಇಟ್ಟಾಗ 28 ದಿನಗಳ ಬಳಿಕ 64 ಬಗೆ ಮೊಳೆತವು; ಕೆಲವು 137 ದಿನ ತಾಳಿದವು. ಆದರೆ ಅವುಗಳಲ್ಲಿ ಬಹಳಷ್ಟು ಮುಳುಗಿಹೋಗಿದ್ದವು. ಬದುಕಿದ್ದರೂ ತಳ ಸೇರಿದ ಬೀಜ ಎಲ್ಲಿಗೂ ಹೋಗದು. ಅವರು ಆಮೇಲೆ ಕಾಯಿ ಸಮೇತ ಒಣಗಿಸಿದ ಗಿಡಗಳನ್ನೇ ತೇಲಿಬಿಟ್ಟರು: ಹಸಿ ಹೇಜಲ್ ಕಾಯಿ ಹಾಕಿದೊಡನೆ ಮುಳುಗಿತು, ಒಣಗಿದ್ದು 90 ದಿನ ತೇಲಿತು. ನೀವೂ ಹಸಿ ಹಣ್ಣು, ಒಣ ಹಣ್ಣು, ಬಿಡಿ ಬೀಜ, ಕಾಯಿ ತುಂಬಿದ ಒಣ ರೆಂಬೆ ಹೀಗೆ ನಾಲ್ಕು ರೂಪದಲ್ಲಿ ಪರೀಕ್ಷಿಸಿ. ಫಲಿತಾಂಶವನ್ನು ದೂರಕ್ಕೆ ತಿರುಗಿಸುವುದು ಸುಲಭ. ಪ್ರವಾಹ ಸೆಕೆಂಡಿಗೆ 0.3 ಮೀ. ಸಾಗಿದರೆ ದಿನಕ್ಕೆ ಸುಮಾರು 26 ಕಿ.ಮೀ.; 1,000 ಕಿ.ಮೀ.ಗೆ 39 ದಿನ ಬೇಕು. ಅದೂ ಪ್ರವಾಹ ನೇರವಾಗಿ ದ್ವೀಪದ ಕಡೆಗೇ ಹರಿದರೆ.

ತೇಲಿ ಬಂದದ್ದು ಇಳಿಯುವುದು ಉಪ್ಪು ಮರಳಿನ ದಂಡೆಯಲ್ಲಿ ಎಂಬುದೂ ಲೆಕ್ಕಕ್ಕೆ ಬರಬೇಕು. ದಂಡೆಯ ಗಿಡಕ್ಕೆ ಅದು ತವರಿನಂಥದೇ ಜಾಗ, ಕಾಡಿನ ಗಿಡಕ್ಕೆ ಸಾವು. ಅದಕ್ಕೇ ತೇಲಿ ಬಂದ ಪ್ರಭೇದಗಳು ಬಹುಮಟ್ಟಿಗೆ ದಂಡೆಯಲ್ಲೇ ಉಳಿಯುತ್ತವೆ. ಬೀಜಗಳು ಮತ್ತೆ ಮತ್ತೆ ಬರುತ್ತಲೇ ಇರುವುದರಿಂದ ಅವು ಮುಖ್ಯಭೂಮಿಯ ಬಂಧುಗಳಿಂದ ಬೇರ್ಪಡುವುದೂ ಅಪರೂಪ. ಸ್ಕೀವೋಲಾ ಟಕ್ಕಾಡ ಇದಕ್ಕೆ ಸರಿಯಾದ ಮಾದರಿ: ತೇಲುವ ಬಿಳಿ ಹಣ್ಣು, ಎರಡು ಸಾಗರಗಳ ದಂಡೆಗಳಲ್ಲೂ ಅದೇ ಪ್ರಭೇದ. ಹವಾಯಿಯ ಒಳನಾಡಿನ ಸ್ಕೀವೋಲಾಗಳದ್ದು ಹಕ್ಕಿ ತಿನ್ನುವ ಕಪ್ಪು ನೇರಳೆ ಹಣ್ಣು. ಅವು ದಂಡೆಯ ಗಿಡದಿಂದ ಹುಟ್ಟಿದವಲ್ಲ, ಬೇರೆಯಾಗಿಯೇ ಬಂದವು ಎಂದು ಡಿಎನ್‌ಎ ತೋರಿಸಿತು.

ಗಾಳಿ ಪರೀಕ್ಷೆ. ಗಾಳಿಯಾಡದ ಕೋಣೆಯಲ್ಲಿ 2 ಮೀ. ಎತ್ತರದಿಂದ ಬೀಜ ಬಿಟ್ಟು ನೆಲ ಮುಟ್ಟುವ ಸಮಯ ಅಳೆಯಿರಿ. 30 ಬೀಜ, ಪ್ರತಿಯೊಂದಕ್ಕೂ ಮೂರು ಸಲ. ಬೀಳುವ ವೇಗ ಸಿಗುತ್ತದೆ. ಬಿಡುಗಡೆಯ ಎತ್ತರವನ್ನು ಗಾಳಿಯ ವೇಗದಿಂದ ಗುಣಿಸಿ, ಬೀಳುವ ವೇಗದಿಂದ ಭಾಗಿಸಿದರೆ ಹಾರುವ ದೂರ. ಡ್ಯಾಂಡಿಲಯನ್ ಕಾಯಿ ಸೆಕೆಂಡಿಗೆ ಸುಮಾರು 0.3 ಮೀ. ಬೀಳುತ್ತದೆ, 5 ಮೀ. ವೇಗದ ಗಾಳಿಯಲ್ಲಿ 2 ಮೀ. ಎತ್ತರದಿಂದ ಬಿಟ್ಟರೆ 33 ಮೀ. ದೂರ ಹೋದೀತು. ಕಿಲೋಮೀಟರ್ ಅಲ್ಲ, ಮೀಟರ್. ಸಾವಿರ ಕಿ.ಮೀ. ದಾಟಲು ಮೇಲೆತ್ತುವ ಬಿಸಿಗಾಳಿ ಅಥವಾ ಚಂಡಮಾರುತವೇ ಬೇಕು. ರೋಮಕುಚ್ಚು ಕಂಡ ಕೂಡಲೇ ‘ಗಾಳಿಯಲ್ಲಿ ಬಂತು’ ಎಂದು ಬರೆಯುವ ಅಭ್ಯಾಸ ಬಿಡುವುದು ಒಳ್ಳೆಯದು. ಜರೀಗಿಡದ ಬೀಜಕಣ ಬೀಳುವ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಗಾಳಿಯ ಕತೆ ನಿಜವಾಗಿ ಒಪ್ಪುವುದು ಅವಕ್ಕೆ. 1883ರಲ್ಲಿ ಕ್ರಕಟೋವಾ ಸಿಡಿದು ಬೋಳಾದ ಮೂರೇ ವರ್ಷಕ್ಕೆ ಅಲ್ಲಿನ ಒಳನೆಲದಲ್ಲಿ ಜರೀಗಿಡಗಳದ್ದೇ ರಾಜ್ಯವಾಗಿತ್ತು.

ಹಕ್ಕಿ ಪರೀಕ್ಷೆ. ದೂರದ ದ್ವೀಪಗಳ ಸಸ್ಯಗಳಲ್ಲಿ ಹಕ್ಕಿಯ ಪಾಲು ದೊಡ್ಡದು, ಪರೀಕ್ಷಿಸುವುದು ಮಾತ್ರ ಕಷ್ಟ. ಹೊರಗೆ ಅಂಟಿ ಬರುವುದನ್ನು ಹೀಗೆ ನೋಡಬಹುದು: ಕೋಳಿ ಅಥವಾ ಬಾತುಕೋಳಿಯ ಎದೆಗರಿಗಳನ್ನು 10 ಸೆಂ.ಮೀ. ಚೌಕದ ಬಟ್ಟೆಗೆ ಒತ್ತಾಗಿ ಹೊಲಿದು, ಗಿಡದ ಕಾಯಿ ತುಂಬಿದ ಹೂತಲೆಗೆ ಒಮ್ಮೆ ಒತ್ತಿ, ಅಂಟಿದವನ್ನು ಎಣಿಸಿ, ಜೋರು ಫ್ಯಾನಿನ ಮುಂದೆ ಕಟ್ಟಿ 1, 6, 24, 72 ಗಂಟೆಗೆ ಮತ್ತೆ ಎಣಿಸಿ. 72 ಗಂಟೆ ಸುಮ್ಮನೆ ಆರಿಸಿದ್ದಲ್ಲ. ಪೆಸಿಫಿಕ್ ಗೋಲ್ಡನ್ ಪ್ಲೋವರ್ ಹಕ್ಕಿ ಅಲಾಸ್ಕದಿಂದ ಹವಾಯಿಗೆ ಎಲ್ಲೂ ಇಳಿಯದೆ ಮೂರು ನಾಲ್ಕು ದಿನಗಳಲ್ಲಿ ಹಾರುತ್ತದೆ. ಅರ್ಧ ಗರಿಗಳನ್ನು ಒದ್ದೆ ಮಾಡಿ ಇನ್ನೊಂದು ಸರಣಿ ನಡೆಸಿ. ಮಳೆಯಲ್ಲಿ ಅಂಟು ಕರಗುವುದುಂಟು.

ಹೊಟ್ಟೆಯೊಳಗಿನ ಪಯಣಕ್ಕೆ ಗಡುವಿದೆ. ಚಿಕ್ಕ ಹಣ್ಣುಬಾಕ ಹಕ್ಕಿಗಳು ಬೀಜವನ್ನು ಒಂದೆರಡು ಗಂಟೆಯೊಳಗೇ ಹೊರಹಾಕುತ್ತವೆ. ಹಾಗಾಗಿ ಸಾವಿರಾರು ಕಿ.ಮೀ. ದಾಟಿಸುವುದು ಅಪರೂಪಕ್ಕೆ ಒಳಗೇ ಹೆಚ್ಚು ಹೊತ್ತು ಉಳಿದ ಗಟ್ಟಿ ಬೀಜ. ದ್ವೀಪದೊಳಗಿನ ಪ್ರಸಾರವನ್ನು ಇದರ ಜೊತೆ ಬೆರೆಸಬೇಡಿ: ಗಲಾಪಗೋಸ್‌ನ ಕಾಡು ಟೊಮೇಟೊ ಬೀಜ ದೈತ್ಯ ಆಮೆಯ ಹೊಟ್ಟೆ ಹೊಕ್ಕು ಬಂದರೆ ಚೆನ್ನಾಗಿ ಮೊಳೆಯುತ್ತದೆ, ಆದರೆ ಅದು ದ್ವೀಪಕ್ಕೆ ಬಂದದ್ದು ಹೇಗೆಂದು ಅದರಿಂದ ತಿಳಿಯುವುದಿಲ್ಲ. ಕಾಲಿನ ಕೆಸರನ್ನೂ ಮರೆಯುವ ಹಾಗಿಲ್ಲ. ಡಾರ್ವಿನ್ ಕೊಳದಂಚಿನ ಮೂರು ಚಮಚ ಕೆಸರನ್ನು ಆರು ತಿಂಗಳು ಮುಚ್ಚಿಟ್ಟು, ಮೊಳೆತದ್ದನ್ನೆಲ್ಲ ಕಿತ್ತು ಎಣಿಸಿದಾಗ 537 ಸಸಿಗಳಾದವು. ಜೊಂಡಿನಂಥ ಜೌಗುಗಿಡಗಳ ಮಟ್ಟಿಗೆ ಈ ದಾರಿಯನ್ನೇ ಮೊದಲು ಶಂಕಿಸಬೇಕು.

ಒಂಟಿ ಬೀಜ ನೆಲೆಯೂರಬಲ್ಲದೇ?

ತಲುಪಿದ್ದು ಒಂದೇ ಬೀಜವಾದರೆ ಅದಕ್ಕೆ ಜೊತೆ ಇಲ್ಲ. ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲ ಗಿಡಕ್ಕೆ ಅನುಕೂಲ ಹೆಚ್ಚು. 1955ರಲ್ಲಿ ಹರ್ಬರ್ಟ್ ಬೇಕರ್ ಮುಂದಿಟ್ಟ ಈ ವಿಚಾರಕ್ಕೆ ಬೇಕರ್ ನಿಯಮ ಎಂಬ ಹೆಸರಿದೆ. ಪರೀಕ್ಷೆಗೆ ಮೊಗ್ಗಿನ ಹಂತದಲ್ಲೇ ತೆಳು ಬಲೆ ಚೀಲ ಕಟ್ಟಿ. ಹತ್ತು ಗಿಡ, ಪ್ರತಿ ಗಿಡದಲ್ಲಿ ಪ್ರತಿ ಉಪಚಾರಕ್ಕೆ ಮೂರು ಹೂವು. ಉಪಚಾರಗಳು ಐದು: ಚೀಲ ಕಟ್ಟಿ ಮುಟ್ಟದೇ ಬಿಡುವುದು, ಅದೇ ಗಿಡದ ಪರಾಗ ಹಚ್ಚುವುದು, ಕನಿಷ್ಠ 20 ಮೀ. ಆಚೆಯ ಬೇರೆ ಗಿಡದ ಪರಾಗ ಹಚ್ಚುವುದು, ಪರಾಗವೇ ಇಲ್ಲದೆ ಬೀಜವಾಗುತ್ತದೆಯೇ ಎಂದು ತಿಳಿಯಲು ಕೇಸರ ಕಿತ್ತು ಚೀಲ ಕಟ್ಟುವುದು, ಚೀಲವಿಲ್ಲದೆ ತೆರೆದಿಡುವುದು. ಸ್ವಂತ ಪರಾಗದಿಂದ ಕಟ್ಟಿದ ಬೀಜಗಳ ಸರಾಸರಿಯನ್ನು ಪರಪರಾಗದ ಸರಾಸರಿಯಿಂದ ಭಾಗಿಸಿ. 0.2ಕ್ಕಿಂತ ಕಡಿಮೆ ಬಂದರೆ ಸ್ವಂತ ಪರಾಗ ಒಗ್ಗದ ಗಿಡ ಎಂದು ಎಣಿಸುವುದು ರೂಢಿ.

ಕೆಡುವುದು ಎರಡು ಕಡೆ. ಥ್ರಿಪ್ಸ್ ನುಸಿ ಯಾವ ಬಲೆಯಲ್ಲೂ ನುಸುಳಿ ಪರಾಗ ಹರಡುತ್ತದೆ. ಕಟ್ಟುವ ಮುಂಚೆ ಮೊಗ್ಗನ್ನು ಕೈಮಸೂರದಿಂದ ನೋಡಿ. ಸೂರ್ಯಕಾಂತಿ ಕುಟುಂಬದಲ್ಲಿ ಒಂದು ತಲೆಯಲ್ಲಿ ಡಜನ್‌ಗಟ್ಟಲೆ ಹೂಗಳು ಹಲವು ದಿನ ಅರಳುತ್ತವೆ. ಒಂದೇ ದಿನ ಪರಾಗ ಹಚ್ಚಿ ಬಂದರೆ ಲೆಕ್ಕ ಕಡಿಮೆ ಬರುತ್ತದೆ, ದಿನ ಬಿಟ್ಟು ದಿನ ಹಚ್ಚುತ್ತಿರಬೇಕು.

ಬೇಕರ್ ನಿಯಮವನ್ನು ಕಾನೂನಿನಂತೆ ಓದಬೇಡಿ. ಹಲಿಯಾಕಲಾ ಪರ್ವತದ ಸಿಲ್ವರ್‌ಸ್ವೋರ್ಡ್‌ಗೆ (ಮೇಲೆ ಹೇಳಿದ ಆರ್ಗಿರೋಕ್ಸಿಫಿಯಂ ಕುಲದ ಗಿಡ) ಸ್ವಂತ ಪರಾಗ ಒಗ್ಗುವುದಿಲ್ಲ, ಆದರೂ ಅದರ ವಂಶ ಹವಾಯಿಗೆ ಬಂದು ನೆಲೆಸಿದೆ. ಒಂದು ತಲೆಯ ಹಲವು ಕಾಯಿಗಳು ಒಟ್ಟಿಗೇ ಗರಿಗೆ ಅಂಟಿ ಬಂದಿದ್ದರೆ, ಬೇರೆ ಬೇರೆ ತಂದೆಯ ಬೀಜಗಳು ಒಂದೇ ಜಾಗದಲ್ಲಿ ಇಳಿದಿರಲು ಸಾಧ್ಯ. ಹವಾಯಿಯ ಹೂಗಿಡಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗಿಡಗಳಾಗಿರುವ ಪ್ರಭೇದಗಳ ಪಾಲು ಸುಮಾರು ಶೇ. 15, ಜಗತ್ತಿನ ಸರಾಸರಿ ಶೇ. 6ರ ಆಸುಪಾಸು. ಅವುಗಳಲ್ಲಿ ಕೆಲವು ಹಾಗೆಯೇ ಬಂದವು, ಷೀಡಿಯಾದಂಥ ಕುಲಗಳಲ್ಲಿ ಬೇರ್ಪಡುವಿಕೆ ಆದದ್ದು ಬಂದ ಮೇಲೆ. ಇಲ್ಲೂ ಅಷ್ಟೇ, ದ್ವೀಪದ ಗಿಡದ ಜೊತೆ ಮುಖ್ಯಭೂಮಿಯ ಬಂಧುವಿಗೂ ಚೀಲ ಕಟ್ಟಿ ನೋಡಿದರೆ ಮಾತ್ರ ಯಾವುದು ಮೊದಲು ಎಂದು ಹೇಳಬಹುದು.

ಮಾದರಿ ಸಂಗ್ರಹ ಮತ್ತು ವಂಶವೃಕ್ಷ

ಅನುಮತಿಪತ್ರ ಕೈಯಲ್ಲಿಲ್ಲದೆ ಎಲೆ ಕೀಳಬೇಡಿ. ಇಳಿಯುವ ಮುಂಚೆ ಬೂಟು, ಚೀಲದ ಹೊಲಿಗೆ, ಪ್ಯಾಂಟಿನ ಮಡಿಕೆಗಳಲ್ಲಿ ಬೀಜ ಸಿಕ್ಕಿದೆಯೇ ಎಂದು ಬ್ರಷ್‌ನಿಂದ ಉಜ್ಜಿ ನೋಡಿ. ಅಂಟಿ ಬರುವ ಬೀಜದ ಬಗ್ಗೆ ಅಧ್ಯಯನ ಮಾಡುವವರೇ ಅದನ್ನು ಹೊತ್ತು ತರಬಾರದು.

ಎಳೆಯ, ರೋಗವಿಲ್ಲದ ಎಲೆಯ ಕೆಲವು ಚದರ ಸೆಂ.ಮೀ. ತುಂಡನ್ನು ಎಲೆಯ ತೂಕದ ಕನಿಷ್ಠ ಹತ್ತು ಪಟ್ಟು ಸಿಲಿಕಾ ಜೆಲ್‌ನಲ್ಲಿ ಹಾಕಿ. 24 ಗಂಟೆಯೊಳಗೆ ಮುರಿದರೆ ಪಟ್ಟೆನ್ನುವಂತೆ ಒಣಗಬೇಕು. ನಿಧಾನವಾಗಿ ಒಣಗಿದರೆ ಡಿಎನ್‌ಎ ತುಂಡಾಗುತ್ತದೆ. ಏಯೋನಿಯಂನಂಥ ರಸಭರಿತ ಎಲೆಯನ್ನು ತೆಳುವಾಗಿ ಸೀಳಿ, ಮರುದಿನ ಜೆಲ್ ಬದಲಿಸಿ. ಪ್ರತಿ ಮಾದರಿಗೂ ಒತ್ತಿ ಒಣಗಿಸಿದ ಹರ್ಬೇರಿಯಂ ಹಾಳೆ, ಜಿಪಿಎಸ್ ಗುರುತು, ಎತ್ತರ ಬೇಕು. ಹಾಳೆ ಇಲ್ಲದ ಡಿಎನ್‌ಎಯನ್ನು ಮುಂದೆ ಯಾರೂ ಪರಿಶೀಲಿಸಲಾರರು. ವಂಶವೃಕ್ಷಕ್ಕೆ ಪ್ರಭೇದವೊಂದಕ್ಕೆ ಬೇರೆ ಬೇರೆ ನೆಲೆಗಳಿಂದ ಎರಡು ಮೂರು ಗಿಡ. ಒಂದು ನೆಲೆಯ ಒಳವೈವಿಧ್ಯ ಅಳೆಯುವುದಾದರೆ 20ರಿಂದ 30 ಗಿಡ.

ಬರೀ ಕ್ಲೋರೋಪ್ಲಾಸ್ಟ್ ಡಿಎನ್‌ಎ ಓದಿ ನಿಲ್ಲಿಸುವುದು ಹಳೆಯ ತಪ್ಪು. ಬಹುತೇಕ ಹೂಗಿಡಗಳಲ್ಲಿ ಅದು ತಾಯಿಯಿಂದಷ್ಟೇ ಬರುತ್ತದೆ. ಮಿಶ್ರತಳಿಯಿಂದ ಹುಟ್ಟಿದ ಗಿಡದ ತಂದೆಯ ಕಡೆ ಅದರಲ್ಲಿ ಕಾಣುವುದೇ ಇಲ್ಲ. ಕೋಶಕೇಂದ್ರದ ಹಲವು ಜೀನ್‌ಗಳೂ ಬೇಕು. ಆಂಜಿಯೋಸ್ಪರ್ಮ್ಸ್ 353 ಎಂಬ ಸಿದ್ಧ ಜೀನ್ ಸಮೂಹ ಹಳೆಯ ಹರ್ಬೇರಿಯಂ ಎಲೆಯಲ್ಲೂ ಕೆಲಸ ಮಾಡುತ್ತದೆ. ಎರಡು ವೃಕ್ಷಗಳು ಹೊಂದದಿದ್ದರೆ ಒಂದನ್ನು ಎಸೆಯಬೇಡಿ. ಮಿಶ್ರತಳಿಯ ಸುಳಿವು ಅದೇ. ಸಿಲ್ವರ್‌ಸ್ವೋರ್ಡ್ ವಂಶದ ಟೆಟ್ರಾಪ್ಲಾಯ್ಡ್ (ವರ್ಣತಂತುಗಳ ನಾಲ್ಕು ಕಂತೆಗಳಿರುವ) ಪೂರ್ವಜ ಟಾರ್‌ವೀಡ್‌ಗಳ ಎರಡು ಕವಲುಗಳ ಮಿಶ್ರಣ ಎಂದು ತಿಳಿದದ್ದು ಕೋಶಕೇಂದ್ರದ ಜೀನ್‌ಗಳಿಂದ.

ವೃಕ್ಷ ಓದುವುದು ಹೀಗೆ. ದ್ವೀಪದ ಪ್ರಭೇದಗಳೆಲ್ಲ ಒಂದೇ ಕೊಂಬೆಯಲ್ಲಿ ಸೇರಿ, ಅದರ ಹೊರಗೆ ಮುಖ್ಯಭೂಮಿಯ ಪ್ರಭೇದಗಳು ನಿಂತರೆ ಆಗಮನ ಒಂದೇ. ಎರಡು ಬೇರೆ ಕೊಂಬೆಗಳಲ್ಲಿ ಕೂತರೆ ಎರಡು ಆಗಮನ: ಹವಾಯಿಯ ಎರಡು ರಾಸ್ಪ್‌ಬೆರಿಗಳು ಅಕ್ಕತಂಗಿಯರಂತೆ ಕಂಡರೂ ಬೇರೆ ಬೇರೆಯಾಗಿ ಬಂದವು. ದ್ವೀಪದ ಕೊಂಬೆಯ ಒಳಗೇ ಮುಖ್ಯಭೂಮಿಯ ಪ್ರಭೇದ ಕಂಡರೆ, ಅದು ದ್ವೀಪದಿಂದ ಮರಳಿ ಹೋದದ್ದಿರಬಹುದು. ಪೂರ್ವ ಆಫ್ರಿಕದ ಏಯೋನಿಯಂ ಕ್ಯಾನರಿ ಗುಂಪಿನೊಳಗೆ ಕೂರುವುದು ಹಾಗೆ. ಬೂಟ್‌ಸ್ಟ್ರ್ಯಾಪ್ ಬೆಂಬಲ (ಮಾಹಿತಿಯನ್ನು ಮರುಮರು ಆಯ್ದು ವೃಕ್ಷ ಕಟ್ಟಿದಾಗ ಅದೇ ಕವಲು ಎಷ್ಟು ಸಲ ಬರುತ್ತದೆ ಎಂಬ ಪಾಲು) ಶೇ. 70ಕ್ಕಿಂತ ಕಡಿಮೆಯಿರುವ ಕವಲಿನ ಮೇಲೆ ಕತೆ ಕಟ್ಟಬೇಡಿ.

ಕಾಲದ ಲೆಕ್ಕದಲ್ಲಿ ಎರಡು ಗಂಟುಗಳನ್ನು ಬೆರೆಸದಿರಿ. ದ್ವೀಪದ ವಂಶ ಮುಖ್ಯಭೂಮಿಯ ಬಂಧುವಿನಿಂದ ಕವಲೊಡೆದದ್ದು ಒಂದು ಗಂಟು, ದ್ವೀಪದೊಳಗೆ ಮೊದಲ ಸಲ ಕವಲೊಡೆದದ್ದು ಇನ್ನೊಂದು. ಆಗಮನ ಅವೆರಡರ ನಡುವೆ ಎಲ್ಲೋ. ಹತ್ತಿರದ ಬಂಧುಗಳು ಮುಖ್ಯಭೂಮಿಯಲ್ಲಿ ನಶಿಸಿದ್ದರೆ ಮೊದಲ ಗಂಟು ಎಷ್ಟೋ ಹಿಂದಕ್ಕೆ ಜಾರುತ್ತದೆ. ಹ್ವಾನ್ ಫರ್ನಾಂಡಿಸ್‌ನ ಲ್ಯಾಕ್ಟೋರಿಸ್ ಗಿಡ ಬೆಳೆಯುವ ದ್ವೀಪಕ್ಕೆ ಸುಮಾರು 40 ಲಕ್ಷ ವರ್ಷ. ಆ ವಂಶದ ಪರಾಗದ ಪಳೆಯುಳಿಕೆ ನೈಋತ್ಯ ಆಫ್ರಿಕದ ಕಡಲತಳದಲ್ಲಿ ಡೈನೋಸಾರ್ ಕಾಲದ ಪದರಗಳಲ್ಲಿ ಸಿಕ್ಕಿದೆ. ಅದು ದ್ವೀಪದಲ್ಲಿ ಹುಟ್ಟಿದ ಹೊಸತಲ್ಲ, ದ್ವೀಪದಲ್ಲಿ ಉಳಿದ ಹಳತು.

ಎಷ್ಟು ಬದಲಾಯಿತು?

ದ್ವೀಪದಲ್ಲಿ ಎತ್ತರ, ಮುಖ್ಯಭೂಮಿಯಲ್ಲಿ ಗಿಡ್ಡ. ಇದರಿಂದ ಏನೂ ಸಾಬೀತಾಗುವುದಿಲ್ಲ. ಮಣ್ಣು ಮಳೆಗಳ ಪ್ರಭಾವವೂ ಇರಬಹುದು. ಎರಡನ್ನೂ ಒಂದೇ ಜಾಗದಲ್ಲಿ ಬೆಳೆಸಬೇಕು. ಪ್ರತಿ ನೆಲೆಯಿಂದ ಹತ್ತು ತಾಯಿಗಿಡ, ಪ್ರತಿ ತಾಯಿಯಿಂದ ಐದು ಸಸಿ, ಒಂದೇ ಮಿಶ್ರಣದ ಮಣ್ಣು, ಕುಂಡಗಳ ಜಾಗ ಚೀಟಿ ಎತ್ತಿ ನಿರ್ಧರಿಸಿ, ಎರಡು ವಾರಕ್ಕೊಮ್ಮೆ ಜಾಗ ಬದಲಿಸಿ. ಮೊದಲ ತಲೆಮಾರಿನಲ್ಲಿ ತಾಯಿಯ ಪೋಷಣೆಯ ಪ್ರಭಾವ ಉಳಿದಿರುತ್ತದೆ: ದಪ್ಪ ಬೀಜದ ಸಸಿ ಮೊದಲ ತಿಂಗಳು ದಪ್ಪವೇ. ಆಯುಸ್ಸು ಚಿಕ್ಕದಾದ ಗಿಡವಾದರೆ ಎರಡನೇ ತಲೆಮಾರನ್ನು ಅಳೆಯಿರಿ. ಈ ತೋಟ ದ್ವೀಪದ ಮೇಲೆ ಇರಲೇಬಾರದು. ಮುಖ್ಯಭೂಮಿಯ ಸಂಬಂಧಿಯನ್ನು ಅಲ್ಲಿ ನೆಟ್ಟರೆ ಅದರ ಪರಾಗ ಹತ್ತಿರದ ಅಪರೂಪದ ಗಿಡಕ್ಕೆ ತಲುಪಿ, ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡದ್ದು ಕೆಲವೇ ತಲೆಮಾರುಗಳಲ್ಲಿ ಕಲಬೆರಕೆಯಾದೀತು.

ಏನನ್ನು ಅಳೆಯಬೇಕು? ಬೀಜದ ತೂಕ, ಕುಚ್ಚಿನ ಅಥವಾ ಮುಳ್ಳಿನ ಉದ್ದ, ಎಲೆಯ ದಪ್ಪ, ಮುಳ್ಳಿನ ಸಾಂದ್ರತೆ, ಹೂವಿನ ಬಣ್ಣ ಮತ್ತು ಗಾತ್ರ, ಕಾಂಡದ ಮರಗಟ್ಟುವಿಕೆ. ಕೊನೆಯದು ದ್ವೀಪಗಳಲ್ಲಿ ಮತ್ತೆ ಮತ್ತೆ ಕಾಣುವಂಥದು. ಕ್ಯಾನರಿ ಮತ್ತು ಮದೀರಾದ ಎಕಿಯಂಗಳು ಬಹುಪಾಲು ಪೊದೆಗಳು. ಅವುಗಳ ಪೂರ್ವಜ ಮುಖ್ಯಭೂಮಿಯ ಮೆದುಕಾಂಡದ ಗಿಡ. ಗಲಾಪಗೋಸ್‌ನ ಸ್ಕಲೀಸಿಯಾ ಪೆಡಂಕ್ಯುಲೇಟಾ ಸೂರ್ಯಕಾಂತಿ ಕುಟುಂಬದ್ದಾದರೂ 15 ಮೀ.ವರೆಗೆ ಬೆಳೆಯುವ ಮರ. ಪರೀಕ್ಷಿಸಲು ಬುಡದ ಕಾಂಡವನ್ನು ಹೊಸ ಬ್ಲೇಡಿನಿಂದ ತೆಳುವಾಗಿ ಅಡ್ಡ ಕೊಯ್ದು, ಆಲ್ಕೋಹಾಲಿನಲ್ಲಿ ಕರಗಿಸಿದ ಶೇ. 1ರ ಫ್ಲೋರೋಗ್ಲೂಸಿನಾಲ್ ಹನಿಸಿ, ಕೈಗವಸು ಹಾಕಿಕೊಂಡು ಒಂದು ಹನಿ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಕೆಲವೇ ನಿಮಿಷಗಳಲ್ಲಿ ಲಿಗ್ನಿನ್ ಇರುವಲ್ಲಿ ಕೆಂಪಾಗುತ್ತದೆ. ಸುತ್ತಲೂ ಮುರಿಯದ ದಪ್ಪ ಕೆಂಪು ಉಂಗುರವಿದ್ದರೆ ಮರಗಟ್ಟಿದ ಕಾಂಡ, ಬಿಡಿ ಬಿಡಿ ಕೆಂಪು ಚುಕ್ಕೆಗಳಿದ್ದರೆ ಮೆದುಕಾಂಡ. ಒಂದೇ ವಯಸ್ಸಿನ, ಹೂಬಿಟ್ಟ ಗಿಡಗಳನ್ನೇ ಹೋಲಿಸಿ. ಎಳೆಯದು ಯಾವುದೇ ಇರಲಿ ಮೆತ್ತಗೇ ಇರುತ್ತದೆ. ಗಿಡವನ್ನು ಕೊಲ್ಲಬಾರದೆಂದರೆ ತಾನಾಗಿ ಸತ್ತವನ್ನು ಬಳಸಿ.

ಆಮೇಲೆ ಸಂಕರ ಮಾಡಿ ನೋಡಿ. ಆಕಾರದಲ್ಲಿ ಅಷ್ಟು ದೂರ ಹೋದವು ಪರಸ್ಪರ ಬೀಜ ಕಟ್ಟುವುದಿಲ್ಲ ಎಂದು ಯಾರಿಗಾದರೂ ಅನಿಸುತ್ತದೆ, ಆಗುವುದು ಹೆಚ್ಚಾಗಿ ಉಲ್ಟಾ. ಹವಾಯಿಯ ಬೈಡೆನ್ಸ್‌ಗಳು ನೋಡಲು ಎಷ್ಟೇ ಬೇರೆಯಾದರೂ ಒಂದರೊಡನೊಂದು ಸೇರಿ ಫಲವತ್ತಾದ ಸಂತತಿ ಕೊಡುತ್ತವೆ, ವರ್ಣತಂತುಗಳ ಸಂಖ್ಯೆಯೂ ಒಂದೇ. ಆರ್ಗಿರೋಕ್ಸಿಫಿಯಂ ಮತ್ತು ಡುಬೋಷಿಯಾ ಬೇರೆ ಕುಲಗಳಾದರೂ ಅವುಗಳ ಸಂಕರ ಕಾಡಿನಲ್ಲೇ ಸಿಗುತ್ತದೆ. ದ್ವೀಪಗಳಲ್ಲಿ ರೂಪ ಬದಲಾಗುವ ವೇಗಕ್ಕೆ ಬಂಜೆತನದ ಗೋಡೆ ಏಳುವ ವೇಗ ಸಮನಾಗಿರುವುದಿಲ್ಲ. ಅವನ್ನು ಬೇರೆ ಬೇರೆಯಾಗಿ ಇಟ್ಟಿರುವುದು ನೆಲೆ, ಎತ್ತರ, ಹೂಬಿಡುವ ಕಾಲ. ಸಂಕರದ ಬೀಜ ಮೊಳೆತರೆ ಸಾಲದು. ಅದರ ಪರಾಗಕ್ಕೆ ಬಣ್ಣ ಹಾಕಿ ಕನಿಷ್ಠ 300 ಕಣ ಎಣಿಸಿ, ಎಷ್ಟು ಪಾಲು ತುಂಬಿಕೊಂಡಿದೆ ಎಂದು ನೋಡಿ. ಬಣ್ಣ ಹಿಡಿಯದ ಖಾಲಿ ಕಣಗಳು ಹೆಚ್ಚಿದ್ದರೆ ಗೋಡೆ ಏಳಲು ಶುರುವಾಗಿದೆ.

ಕೊನೆಯದಾಗಿ, ಪ್ರತಿ ಆಗಮನವೂ ಕವಲೊಡೆಯುತ್ತದೆ ಎಂದು ನಿರೀಕ್ಷಿಸಬೇಡಿ. ಕೊರಿಯಾದ ಪೂರ್ವಕ್ಕೆ ಸುಮಾರು 130 ಕಿ.ಮೀ. ದೂರದ ಉಲ್ಲುಂಗ್ ದ್ವೀಪದಲ್ಲಿ ಹೆಚ್ಚಿನ ವಿಶಿಷ್ಟ ಪ್ರಭೇದಗಳು ಒಂಟಿಯಾಗಿಯೇ ಬದಲಾದವು: ಬಂದ ಒಂದು ಪ್ರಭೇದ, ಅದರ ಗಿಡಗಳ ಇಡೀ ಸಮೂಹವೇ ನಿಧಾನವಾಗಿ ಬೇರೆಯಾಗಿ, ಇನ್ನೊಂದು ಒಂದೇ ಪ್ರಭೇದವಾಯಿತು. ಅಲ್ಲಿ ಒಳದ್ವೀಪಗಳಿಲ್ಲ, ತೀರ ಭಿನ್ನ ನೆಲೆಗಳಿಲ್ಲ, ಒಡೆಯುವ ಒತ್ತಡ ಕಡಿಮೆ. ಇಂಥ ಗಿಡದಲ್ಲಿ ಆನುವಂಶಿಕ ವೈವಿಧ್ಯ ಮುಖ್ಯಭೂಮಿಯ ಬಂಧುವಿಗೆ ಹತ್ತಿರವೇ ಇರಬಹುದು. ಹತ್ತಾಗಿ ಒಡೆದ ವಂಶದಲ್ಲಾದರೆ ಒಂದೊಂದು ಪ್ರಭೇದದ ಪಾಲಿಗೂ ಬಂದ ವೈವಿಧ್ಯ ತೆಳ್ಳಗಿರುತ್ತದೆ. ಇದಕ್ಕೆ ವಿರುದ್ಧ ತುದಿಯಲ್ಲಿ ಆಸ್ಟ್ರೇಲಿಯಾದ ಆಚೆಯ ಲಾರ್ಡ್ ಹೋವ್ ದ್ವೀಪ. ಇಷ್ಟೇ ಇಷ್ಟು ನೆಲದಲ್ಲಿ ಹೋವಿಯಾ ತಾಳೆಯ ಎರಡು ಪ್ರಭೇದಗಳು ಯಾವ ಬೆಟ್ಟ ಕಡಲಿನ ಅಡ್ಡಿಯೂ ಇಲ್ಲದೆ ಬೇರ್ಪಟ್ಟಿವೆ. ಒಂದರ ಒಲವು ಸುಣ್ಣದ ಮಣ್ಣಿಗೆ, ಇನ್ನೊಂದರದು ಜ್ವಾಲಾಮುಖಿ ಮಣ್ಣಿಗೆ, ಹೂಬಿಡುವ ಕಾಲವೂ ಬೇರೆ. ಆದ್ದರಿಂದ ದ್ವೀಪದಲ್ಲಿ ಎರಡು ಸಂಬಂಧಿ ಪ್ರಭೇದ ಅಕ್ಕಪಕ್ಕ ಕಂಡರೆ ಮಣ್ಣಿನ ಆಮ್ಲೀಯತೆ ಅಳೆದು, ವಾರಕ್ಕೊಮ್ಮೆ ಅರಳಿದ ಹೂಗಳನ್ನು ಎಣಿಸಿ ವರ್ಷಪೂರ್ತಿ ಪಟ್ಟಿ ಇಡಿ. ಎರಡರ ಹೂಗಾಲ ಎಷ್ಟು ವಾರ ಒಂದರ ಮೇಲೊಂದು ಬೀಳುತ್ತದೆ ಎಂಬ ಆ ಒಂದು ಅಂಕಿ ಸಂಕರ ಪ್ರಯೋಗದ ಫಲಿತಾಂಶದ ಪಕ್ಕದಲ್ಲೇ ಇರಬೇಕು.